ಹಾರು, ಜಿಗಿ, ನೆಗೆ, ಕುಪ್ಪಳಿಸು: ಒಂದನೇ ತರಗತಿಯ ಆಟದ ಪಾಠಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ನಾನು ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನನ್ನದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಈ ವಯಸ್ಸಿನವರಿಗಾಗಿ ಒಂದು ವರ್ಷದ ಆಟದ ಪಾಠಯೋಜನೆ ಬರೆಯೋಣವೆಂದು ನಮ್ಮ ಕ್ಲಸ್ಟರಿನ, ಎಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ನಾಲ್ವರು ಶಿಕ್ಷಕರು ಕುಳಿತಿದ್ದೇವೆ. ವಾರಕ್ಕೆ ಎರಡು ಅವಧಿ, ಒಂದೊಂದು 40 ನಿಮಿಷ. ಆಟಕ್ಕೇನು ಬರ ಎಂದುಕೊಂಡೇ ಶುರು ಮಾಡಿದೆವು. ಆಟಗಳೇನೋ ಧಾರಾಳವಾಗಿ ಸಿಕ್ಕವು. ಸಿಕ್ಕಿಹಾಕಿಕೊಂಡದ್ದು ಕ್ರಿಯಾಪದಗಳಲ್ಲಿ.

ಕಳೆದ ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎರಡು ಗೆರೆ ಎಳೆದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ಈ ಗೆರೆಯಿಂದ ಆ ಗೆರೆಗೆ ಹಾರಿ” ಎಂದೆ. ಮೂರನೇ ತರಗತಿಯವರು ಸರಿಯಾಗಿಯೇ ಹಾರಿದರು. ಒಂದನೇ ತರಗತಿಯ ಐದಾರು ಮಕ್ಕಳು ಮಾತ್ರ ಎರಡೂ ಕೈ ಚಾಚಿ, ರೆಕ್ಕೆ ಬಡಿಯುತ್ತಾ, ಬುರ್ರೆಂದು ಅಂಗಳದ ತುಂಬ ಓಡತೊಡಗಿದರು. ಒಬ್ಬನಂತೂ ಸೀಬೆಮರಕ್ಕೆ ಒಂದು ಸುತ್ತು ಬಂದು, ಬುಡದಲ್ಲಿ ಮುದುರಿ ಕುಳಿತು, “ಗೂಡು ಸೇರಿದೆ” ಎಂದ. ಬೈಯಲು ಬಾಯಿ ಬರಲಿಲ್ಲ. ನಾನು ಹೇಳಿದ್ದನ್ನೇ ಅವನು ಮಾಡಿದ್ದ. ಗುಬ್ಬಿಯೂ ಹಾರುತ್ತದೆ, ವಿಮಾನವೂ ಹಾರುತ್ತದೆ, ಕಟ್ಟೆಯ ಮೇಲಿಂದ ಹುಡುಗನೂ ಹಾರುತ್ತಾನೆ.

ನನ್ನ ತೊಡಕು ಇಷ್ಟು. ಎಳೆಯ ಮಕ್ಕಳ ದೈಹಿಕ ಶಿಕ್ಷಣದಲ್ಲಿ ಮೊದಲು ಬರುವುದು ಕಬಡ್ಡಿಯೂ ಅಲ್ಲ, ಖೋಖೋವೂ ಅಲ್ಲ. ಮೈಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಬಗೆಗಳು. ಎರಡೂ ಕಾಲು ಜೋಡಿಸಿ ಚಿಮ್ಮಿ, ಎರಡೂ ಕಾಲಿನ ಮೇಲೆ ಇಳಿಯುವುದು ಒಂದು. ಒಂದೇ ಕಾಲಿನಲ್ಲಿ ಚಿಮ್ಮಿ, ಅದೇ ಕಾಲಿನ ಮೇಲೆ ಇಳಿಯುವುದು ಇನ್ನೊಂದು. ಓಡುತ್ತ ಬಂದು ಒಂದು ಕಾಲಿನಿಂದ ಚಿಮ್ಮಿ ಮತ್ತೊಂದರ ಮೇಲೆ ಇಳಿಯುವುದು ಮೂರನೆಯದು. ಒಂದೇ ಕಾಲನ್ನು ಸದಾ ಮುಂದಿಟ್ಟುಕೊಂಡು, ಹಿಂದಿನ ಕಾಲು ಅದನ್ನು ಅಟ್ಟಿಸಿಕೊಂಡು ಬರುವಂತೆ ಕುದುರೆಯ ಹಾಗೆ ಸಾಗುವುದು ನಾಲ್ಕನೆಯದು. ಒಂದು ಹೆಜ್ಜೆ, ಅದೇ ಕಾಲಿನಲ್ಲಿ ಒಂದು ಕುಂಟು, ಆಮೇಲೆ ಕಾಲು ಬದಲಿಸಿ ಮತ್ತೆ ಹೆಜ್ಜೆ, ಮತ್ತೆ ಕುಂಟು, ಹೀಗೆ ಹೋಗುವುದು ಐದನೆಯದು. ನಮಗೆ ಮಾದರಿಯಾಗಿ ಸಿಕ್ಕಿದ ಇಂಗ್ಲಿಷ್ ಯೋಜನೆಯಲ್ಲಿ ಈ ಐದಕ್ಕೂ ಬೇರೆ ಬೇರೆ ಹೆಸರಿದೆ. ನಾವು ಮಾಡಿದ ಮೊದಲ ಕರಡಿನಲ್ಲಿ ಮೂರಕ್ಕೆ ‘ಜಿಗಿಯುವುದು’ ಎಂದೇ ಬಿದ್ದಿದೆ.

ಪದ ಒಂದೇ ಆದರೆ ಏನಾಯಿತು ಎನ್ನಬಹುದು. ಯೋಜನೆಯ ಕ್ರಮವೇ ಕೆಡುತ್ತದೆ. ಜೋಡಿಗಾಲಿನ ಜಿಗಿತ ಮಕ್ಕಳಿಗೆ ಬೇಗ ಬರುತ್ತದೆ. ಒಂದೇ ಕಾಲಿನದು ಸಾಮಾನ್ಯವಾಗಿ ನಾಲ್ಕೈದನೇ ವರ್ಷಕ್ಕೆ, ಅದೂ ಮೊದಲು ಒಂದು ಕಾಲಿನಲ್ಲಿ ಮಾತ್ರ. ಹೆಜ್ಜೆ-ಕುಂಟು ಹೆಣೆದುಕೊಂಡ ಆ ಐದನೆಯದು ಕೂಡಿಬರುವುದು ಆರರ ಆಸುಪಾಸಿನಲ್ಲಿ, ಕೆಲವರಿಗೆ ಇನ್ನೂ ತಡವಾಗಿ. ಜೂನ್ ತಿಂಗಳಿನಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು ಎಂದು ಹಂಚಬೇಕಾದವನ್ನೆಲ್ಲ ‘ಜಿಗಿಯುವುದು’ ಎಂದು ಬರೆದರೆ, ಓದುವ ಶಿಕ್ಷಕಿ ಮೂರು ಸಲವೂ ಕಪ್ಪೆಯಾಟವನ್ನೇ ಆಡಿಸುತ್ತಾಳೆ. ಓದುವವಳು ತರಗತಿ ಶಿಕ್ಷಕಿಯೇ ಎಂಬುದನ್ನೂ ಗಮನಿಸಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆನ್ನುವುದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. 1ರಿಂದ 5ರವರೆಗಿನ ಪಟ್ಟಿಯಲ್ಲಿ ಆ ಮಾತಿಲ್ಲ. ಹಾಗಾಗಿ ಕ್ರೀಡೆಯ ಪರಿಭಾಷೆ ಕಲಿತು ಬಂದವರು ಇದನ್ನು ಓದುವುದಿಲ್ಲ. ನನ್ನಂತೆ ಬೆಳಿಗ್ಗೆ ಕಾಗುಣಿತ ಬರೆಯಿಸಿ ಮಧ್ಯಾಹ್ನ ಚೆಂಡು ಹಿಡಿದು ಹೊರಡುವವರು ಓದುತ್ತಾರೆ.

ಈಗ ಒಂದೊಂದಾಗಿ ನೋಡುತ್ತೇನೆ. ತಿದ್ದುವವರು ದಯವಿಟ್ಟು ತಿದ್ದಿ.

‘ನೆಗೆ’ ಹಳೆಯ, ಗಟ್ಟಿ ಪದ. ಕರು ನೆಗೆಯುತ್ತದೆ, ಜಿಂಕೆ ನೆಗೆಯುತ್ತದೆ. ಆದರೆ ನಮ್ಮ ಕಡೆ ‘ನೆಗೆದುಬಿದ್ದ’ ಎಂದರೆ ಸತ್ತ ಎಂದು ಅರ್ಥ. ಅದು ಬೈಗುಳವೂ ಹೌದು. ‘ನೆಗೆದು ಬಿದ್ದು ನೆಲ್ಲಿಕಾಯಿ’ ಆದವರ ಕಥೆ ಎಲ್ಲರಿಗೂ ಗೊತ್ತು. “ಎಲ್ಲರೂ ನೆಗೆಯಿರಿ” ಎಂದು ಮಕ್ಕಳಿಗೆ ಹೇಳಲು ನನಗೇ ನಾಲಿಗೆ ಏಳುವುದಿಲ್ಲ. ‘ಎಗರು’ ಇದೆ, ಆದರೆ ಎಗರಾಡುವವನು ಜಗಳಗಂಟ. ‘ಲಂಘನ’ ಎಂದರೆ ಹನುಮಂತನಿಗೆ ಸಮುದ್ರ ದಾಟುವುದು, ವೈದ್ಯರಿಗೆ ಉಪವಾಸ. ಬಿಸಿಯೂಟದ ಮುಂಚಿನ ಅವಧಿಗೆ ಅಂಥ ಪದ ಬೇಡ.

‘ಜಿಗಿ’ಗೆ ಇಂಥ ಕಳಂಕವೇನೂ ಇಲ್ಲ. ಉದ್ದ ಜಿಗಿತ, ಎತ್ತರ ಜಿಗಿತ, ತ್ರಿವಿಧ ಜಿಗಿತ ಎಂದು ಪತ್ರಿಕೆಗಳು ಅದನ್ನು ನೆಲೆಗೊಳಿಸಿವೆ. ನೆಲೆಗೊಂಡದ್ದರಿಂದಲೇ ಅದು ಎಲ್ಲಕ್ಕೂ ಸಲ್ಲುವ ಪದವಾಗಿಬಿಟ್ಟಿದೆ. ತ್ರಿವಿಧ ಜಿಗಿತದಲ್ಲೇ ನೋಡಿ: ಮೊದಲನೆಯದು ಅದೇ ಕಾಲಿನ ಮೇಲೆ ಇಳಿಯುವುದು, ಎರಡನೆಯದು ಇನ್ನೊಂದು ಕಾಲಿನ ಮೇಲೆ, ಮೂರನೆಯದು ಎರಡೂ ಕಾಲು ಚಾಚಿ ಮರಳಿಗೆ. ಮೂರು ಬೇರೆ ಬೇರೆ ಚಲನೆಗಳನ್ನು ‘ತ್ರಿವಿಧ’ ಎಂಬ ಒಂದು ವಿಶೇಷಣದಲ್ಲಿ ಕಟ್ಟಿಹಾಕಿದ್ದೇವೆ. ‘ಕುಪ್ಪಳಿಸು’ ಎಂದರೆ ನನ್ನ ಕಿವಿಗೆ ಕಪ್ಪೆ. ಎರಡೂ ಕಾಲು ಜೊತೆಯಲ್ಲಿ, ಗಿಡ್ಡ ಗಿಡ್ಡವಾಗಿ. ಜೋಡಿಗಾಲಿನದಕ್ಕೆ ಇದನ್ನೇ ಇಡೋಣ ಎಂದು ನನ್ನ ಅಭಿಪ್ರಾಯ. ನಿಘಂಟುಗಳು ‘ಕುಪ್ಪಳಿಸು’ ಎಂಬುದಕ್ಕೆ ‘ನೆಗೆ, ಹಾರು’ ಎಂದೂ, ‘ನೆಗೆ’ಗೆ ‘ಹಾರು, ಜಿಗಿ’ ಎಂದೂ ಒಂದರ ಬೆನ್ನಿಗೆ ಒಂದನ್ನು ಕಟ್ಟುತ್ತವೆ. ಅಂಗಳದಲ್ಲಿ ನಿಂತವಳಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ.

ಒಂದೇ ಕಾಲಿನದಕ್ಕೆ ‘ಕುಂಟು’ ಎಂಬ ಪದ ಸಿದ್ಧವಾಗಿಯೇ ಇದೆ. ಕುಂಟಾಬಿಲ್ಲೆ ಆಡದ ಊರುಂಟೇ? ಆದರೆ ನಮ್ಮ ನಾಲ್ವರಲ್ಲಿ ಒಬ್ಬರು ಬೇಡವೆಂದರು. ಅವರ ತರಗತಿಯಲ್ಲಿ ಕಾಲಿನ ತೊಂದರೆ ಇರುವ ಮಗುವೊಂದಿದೆ. ಉಳಿದ ಮಕ್ಕಳು ಆಟದಲ್ಲಿ “ಕುಂಟು, ಕುಂಟು” ಎಂದು ಕೂಗಿದರೆ ಆ ಮಗುವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಅವರ ಮಾತು ನನಗೆ ಒಪ್ಪಿಗೆಯಾಯಿತು. ಹಾಗೆಂದು ಕುಂಟಾಬಿಲ್ಲೆಯ ಹೆಸರು ಬದಲಿಸಲು ಹೊರಟಿಲ್ಲ. ಯೋಜನೆಯಲ್ಲಿ, ಆಜ್ಞೆಯ ಜಾಗದಲ್ಲಿ ಮಾತ್ರ ‘ಒಂಟಿಗಾಲು’ ಎಂದು ಬರೆದಿದ್ದೇವೆ.

ಹಾಗೆ ಬರೆದ ಮೇಲೆ ನನಗೊಂದು ವಿಷಯ ಹೊಳೆಯಿತು. ಇಲ್ಲಿ ಬರೆಯಲು ನಿಜವಾದ ಕಾರಣವೂ ಅದೇ. ಮೈಯ ನಿಲುವನ್ನೂ ಚಲನೆಯನ್ನೂ ಕನ್ನಡ ಕಾಲಿನಿಂದಲೇ ಹೆಸರಿಸುತ್ತದೆ. ಅಂಬೆಗಾಲು, ತುದಿಗಾಲು, ಒಂಟಿಗಾಲು, ಜೋಡಿಗಾಲು, ಕುಕ್ಕುರುಗಾಲು, ದಾಪುಗಾಲು. ‘ಕ’ಕಾರ ‘ಗ’ಕಾರವಾಗಿ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಕೂರುವುದಕ್ಕೆ ಚಕ್ಕಳಮಕ್ಕಳ ಇದೆ, ಕುದುರೆಗೆ ನಾಗಾಲೋಟ ಇದೆ. ಇವನ್ನು ಯಾವ ತಜ್ಞರೂ ಅನುವಾದಿಸಿದ್ದಲ್ಲ, ಮಕ್ಕಳಿಗೂ ವಿವರಿಸಿ ಹೇಳಬೇಕಿಲ್ಲ. ಕರಡಿನಲ್ಲಿ ‘ಪಾದಾಗ್ರ ನಡಿಗೆ’ ಎಂದಿದ್ದುದನ್ನು ಹೊಡೆದುಹಾಕಿ ‘ತುದಿಗಾಲ ನಡಿಗೆ’ ಎಂದು ಬರೆದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಮೊದಲ ಮೂರು ತಿಂಗಳ ಯೋಜನೆಯನ್ನು ಈ ‘ಗಾಲು’ಗಳ ಮೇಲೆಯೇ ಕಟ್ಟಬಹುದು ಎಂದು ನನ್ನ ವಾದ. ಇಂಥ ಇನ್ನಷ್ಟು ‘ಗಾಲು’ಗಳು ನಿಮ್ಮ ಊರಿನಲ್ಲಿದ್ದರೆ ಕಳುಹಿಸಿ.

‘ಸಮತೋಲನ’ವನ್ನೂ ತೆಗೆದೆ. ದಿನವೂ ಪತ್ರಿಕೆಯಲ್ಲಿ ‘ಆಯತಪ್ಪಿ ಬಿದ್ದು’ ಎಂದು ಓದುತ್ತೇವೆ. ತಪ್ಪುವ ಆಯ ಇದೆಯೆಂದರೆ ಹಿಡಿಯುವ ಆಯವೂ ಇರಬೇಕಲ್ಲವೇ? ‘ಒಂಟಿಗಾಲಿನಲ್ಲಿ ಐದು ಎಣಿಸುವವರೆಗೆ ಆಯ ಹಿಡಿದು ನಿಲ್ಲುವುದು’ ಎಂದು ಬರೆದಿದ್ದೇನೆ. ‘ಆಯ ಹಿಡಿ’ ಎಂಬ ಬಳಕೆ ಯಾರ ಮನೆಯಲ್ಲಾದರೂ ಇದೆಯೇ, ಅಥವಾ ಇದು ನನ್ನದೇ ಸೃಷ್ಟಿಯೇ?

ಚೆಂಡಿನ ವಿಷಯದಲ್ಲಿ ಜಗಳ ಬೇಗ ಮುಗಿಯಿತು. ವಿಜಯಪುರದ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರು ‘ಚೆಂಡು ಒಗೆಯುವುದು’ ಎಂದು ಬರೆದಿದ್ದರು. ನಮ್ಮ ಮಕ್ಕಳಿಗೆ ಒಗೆಯುವುದು ಬಟ್ಟೆಯನ್ನು. ‘ಎಸೆ’, ‘ಹಿಡಿ’, ‘ಪುಟಿಸು’ ಎಂದು ಒಪ್ಪಂದವಾಯಿತು.

ಪಾಠದ ಶುರುವಿಗೆ ಮೈಗೆ ಕೊಡುವ ಐದು ನಿಮಿಷದ ಅಣಿಗೆ ‘ಪೂರ್ವಸಿದ್ಧತಾ ವ್ಯಾಯಾಮ’ ಎಂದೂ, ಕೊನೆಯದಕ್ಕೆ ‘ತಂಪುಗೊಳಿಸುವಿಕೆ’ ಎಂದೂ ಕರಡಿನಲ್ಲಿತ್ತು. ಎರಡನೆಯದನ್ನು ಓದಿದರೆ ಮಕ್ಕಳನ್ನು ಫ್ರಿಜ್ಜಿನಲ್ಲಿ ಇಡುವ ಹಾಗಿದೆ. ಓಡಿ ಬಂದವನಿಗೆ ಮನೆಯಲ್ಲಿ ಏನೆನ್ನುತ್ತೇವೆ? “ಸ್ವಲ್ಪ ಸುಧಾರಿಸಿಕೋ”, “ದಣಿವಾರಿಸಿಕೋ”. ‘ದಣಿವಾರಿಸುವ ಆಟ’ ಎಂದು ಬರೆದೆ. ಶುರುವಿನದಕ್ಕೆ ‘ಮೈ ಸಡಿಲಿಸುವುದು’ ಎಂದಿದ್ದೇನೆ. ‘ಮೈ ಕಾಯಿಸುವುದು’ ಎಂದೂ ಯೋಚಿಸಿದೆ, ಅದು ಒಲೆಯ ಮುಂದೆ ಕುಳಿತ ಹಾಗಾಯಿತು. ‘ಮೈ ಮುರಿಯುವುದು’ ಎಂದರೆ ಒಂದೋ ಆಕಳಿಕೆ, ಇಲ್ಲವೇ ದುಡಿತ.

ಇನ್ನು ‘ಸಾವಧಾನ್’. ಶಾಲೆಗಳಲ್ಲಿ ಸಾಲು ನಿಲ್ಲಿಸಲು ಹಿಂದಿಯಿಂದ ಬಂದ ಸಾವಧಾನ್, ವಿಶ್ರಾಮ್ ಎಂಬ ಆಜ್ಞೆಗಳೇ ನಡೆಯುತ್ತಿವೆ. ಮನೆಯಲ್ಲಿ ಅಜ್ಜಿ “ಸಾವಧಾನವಾಗಿ ಊಟ ಮಾಡು” ಎಂದರೆ ನಿಧಾನವಾಗಿ, ಆತುರವಿಲ್ಲದೆ ಎಂದು ಅರ್ಥ. ಶಾಲೆಯಲ್ಲಿ ಅದೇ ಪದಕ್ಕೆ ಹಿಮ್ಮಡಿ ಕೂಡಿಸಿ ಕಂಬದಂತೆ ಸೆಟೆದು ನಿಲ್ಲಬೇಕು. ಸಂಸ್ಕೃತದಲ್ಲಿ ಅವಧಾನ ಎಂದರೆ ಗಮನ ತಾನೆ. ಅಷ್ಟಾವಧಾನಿ, ಶತಾವಧಾನಿ ಎಂಬಲ್ಲೂ ಅದೇ. ಮೂಲಕ್ಕೆ ನಿಷ್ಠೆ ಇರುವುದು ಶಾಲೆಯ ಆಜ್ಞೆಗೇ, ಅಜ್ಜಿಯ ಅರ್ಥ ಕನ್ನಡದಲ್ಲಿ ಬೆಳೆದದ್ದು. ಆದರೂ ಆರು ವರ್ಷದವರನ್ನು ಕಂಬ ಮಾಡುವುದು ನನಗೆ ಬೇಡ. “ನೆಟ್ಟಗೆ ನಿಲ್ಲಿ”, “ಹಾಯಾಗಿ ನಿಲ್ಲಿ” ಎಂದರೆ ಸಾಲದೇ? ಒಬ್ಬ ಹಿರಿಯರು, ಹಾಗೆಂದರೆ ಶಿಸ್ತು ಬರುವುದಿಲ್ಲ ಎಂದರು. ಶಿಸ್ತು ಆಜ್ಞೆಯ ಭಾಷೆಯಿಂದ ಬರುತ್ತದೆಂದು ನಾನು ನಂಬುವುದಿಲ್ಲ.

ವಿಷಯದ ಹೆಸರಿನ ಬಗ್ಗೆಯೂ ಒಂದು ಮಾತು. ಕರಡನ್ನು ಬೆರಳಚ್ಚು ಮಾಡುವಾಗ ಒಂದು ಕಡೆ ‘ದೈಹಿಕ ಶಿಕ್ಷಣ’ ಹೋಗಿ ‘ದೈಹಿಕ ಶಿಕ್ಷೆ’ ಆಗಿತ್ತು. ‘ವಾರಕ್ಕೆ ಎರಡು ಅವಧಿ ದೈಹಿಕ ಶಿಕ್ಷೆ’ ಎಂದು ಓದಿ ಎಲ್ಲರೂ ನಕ್ಕೆವು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿರುವುದು ಆ ಎರಡನೆಯದನ್ನು. ನಗು ಮುಗಿದ ಮೇಲೆ ಅನಿಸಿತು: ಎರಡೂ ಒಂದೇ ಧಾತುವಿನ ಮಕ್ಕಳು, ನಮ್ಮ ಶಾಲಾ ನೆನಪಿನಲ್ಲಿಯೂ ಒಂದೇ ಅಂಗಳದಲ್ಲಿ ಬೆಳೆದವು. ಬಸ್ಕಿ ಗರಡಿಯಲ್ಲಿ ಸಾಧನೆ, ತರಗತಿಯಲ್ಲಿ ದಂಡನೆ. ಮೈದಾನ ಸುತ್ತುವುದೂ ಹಾಗೆಯೇ. ಇದೇ ಕಾರಣಕ್ಕೆ ಯೋಜನೆಯಲ್ಲಿ ‘ಬಸ್ಕಿ’ ಎಂಬ ಪದವನ್ನೇ ಬಿಟ್ಟು ‘ಕುಕ್ಕುರುಗಾಲಿನಲ್ಲಿ ಕುಳಿತು ಏಳುವುದು’ ಎಂದು ಬರೆದಿದ್ದೇವೆ. ಹಳಬರ ಪದಗಳಲ್ಲಿ ಕವಾಯತು ಪೊಲೀಸರಿಗೆ ಹೋಯಿತು, ಕಸರತ್ತು ರಾಜಕೀಯಕ್ಕೆ ಹೋಯಿತು, ತಾಲೀಮು ನಾಟಕದವರ ಪಾಲಾಯಿತು. ತಾಲೀಮು ಅರಬ್ಬಿಯಲ್ಲಿ ಶಿಕ್ಷಣವೇ ಎಂಬುದು ಇಲ್ಲಿನ ಅನೇಕರಿಗೆ ತಿಳಿದಿದೆ. ‘ಅಂಗಸಾಧನೆ’ ನನಗೆ ಇಷ್ಟ, ಆದರೆ ಅದಕ್ಕೆ ಮೀಸೆ ಬಂದಿದೆ. ಎಳೆಯರಿಗೆ ‘ಆಟೋಟ’ ಸಾಕು. ಆಟ, ಓಟ ಎರಡೂ ಅದರಲ್ಲಿವೆ.

ಕೊನೆಗೆ ಉಳಿದದ್ದು ಆ ಐದನೆಯ ಚಲನೆ, ಹೆಜ್ಜೆ-ಕುಂಟು. ನಾಲ್ಕನೆಯದಕ್ಕೆ ‘ಕುದುರೆ ಓಟ’ ಎಂದರೆ ಮಕ್ಕಳು ಹೇಳಿಕೊಡದೆಯೇ ಸರಿಯಾಗಿ ಮಾಡುತ್ತಾರೆ. (ನಾಗಾಲೋಟ ಎನ್ನಲು ಹೋದರೆ ಕಾಲು ನಾಲ್ಕು ಬೇಕು.) ಮೂರನೆಯದಕ್ಕೆ ಎರಡು ಹಗ್ಗ ಹಾಸಿ ‘ಚಂಗನೆ ಹಳ್ಳ ದಾಟುವುದು’ ಎಂದೆವು. ಐದನೆಯದಕ್ಕೆ ಮಾತ್ರ ಏನೂ ಹೊಂದುತ್ತಿಲ್ಲ. ಇಂಗ್ಲಿಷ್ ಪದವನ್ನೇ ಇಟ್ಟು “ಸ್ಕಿಪ್ ಮಾಡಿ” ಎಂದರೆ ಮಕ್ಕಳು ಹಗ್ಗ ಹುಡುಕುತ್ತಾರೆ. ಅವರಿಗೆ ಸ್ಕಿಪ್ಪಿಂಗ್ ಎಂದರೆ ಆ ಹಗ್ಗವೇ. ‘ಕುಣಿದು ನಡೆ’ ಎಂದರೆ ಕೈ ಎತ್ತಿ ಕುಣಿಯುತ್ತಾರೆ. ‘ಕುಕ್ಕುಲೋಟ’ ಎಂಬುದನ್ನು ನನ್ನ ಮಾವನವರು ಹೇಳಿದರು, ಆದರೆ ಅದು ಕುದುರೆ ಸಾಧಾರಣ ವೇಗದಲ್ಲಿ ಕುಲುಕುತ್ತ ಓಡುವುದಂತೆ. ಕುಲುಕಿದೆ, ಕಾಲು ಬದಲಿಸುವ ಆ ಲಯವಿಲ್ಲ.

ಪದವಿಲ್ಲ ಎಂದರೆ ಚಲನೆ ಇಲ್ಲವೆಂದಲ್ಲ. ಮೊನ್ನೆ ಬಿಸಿಯೂಟದ ಸಾಲಿಗೆ ಎರಡನೇ ತರಗತಿಯ ಹುಡುಗಿಯೊಬ್ಬಳು ತಟ್ಟೆಯನ್ನು ತೊಡೆಗೆ ಬಡಿಯುತ್ತಾ ಬಂದಳು. ಹೆಜ್ಜೆ, ಕುಂಟು, ಹೆಜ್ಜೆ, ಕುಂಟು, ಕಾಲು ಬದಲಿಸಿದಾಗಲೆಲ್ಲ ತಟ್ಟೆಯ ಒಂದು ಸದ್ದು. ಯಾರೂ ಕಲಿಸಿರಲಿಲ್ಲ. ಓಡಿಹೋಗಿ, “ಪುಟ್ಟಿ, ಹೀಗೆ ಬರುವುದಕ್ಕೆ ಏನೆನ್ನುತ್ತಾರೆ?” ಎಂದು ಕೇಳಿದೆ. ತಪ್ಪು ಮಾಡಿದವಳಂತೆ ಥಟ್ಟನೆ ನಿಂತು, “ಸುಮ್ಮನೆ ಬರುತ್ತಿದ್ದೇನೆ ಮಿಸ್” ಎಂದಳು.

ಕರಡಿನ ಆ ಒಂದು ಮನೆಯನ್ನು ಖಾಲಿ ಬಿಟ್ಟಿದ್ದೇನೆ. ತಿಂಗಳ ಕೊನೆಯಲ್ಲಿ ಕ್ಲಸ್ಟರ್ ಸಭೆ ಇದೆ, ಅಷ್ಟರೊಳಗೆ ತುಂಬಬೇಕು. ಕರಾವಳಿಯವರು, ಕಲ್ಯಾಣ ಕರ್ನಾಟಕದವರು, ಕೊಡಗಿನವರು, ನಿಮ್ಮ ಮನೆಯ ಮಕ್ಕಳು ಹೀಗೆ ಬಂದಾಗ ಅಜ್ಜಿಯಂದಿರು ಏನೆಂದು ಕರೆಯುತ್ತಿದ್ದರು, ಒಮ್ಮೆ ಕೇಳಿ ಬರೆಯುತ್ತೀರಾ?