ಪೆಂಟಾಕ್ಸ್ ಕೆ-50, ಹಳೇ 135 ಎಂಎಂ ಲೆನ್ಸ್: ಎಸ್‌ಆರ್ (ಕೈ ನಡುಕ ತಿದ್ದೋ ಶೇಕ್ ರಿಡಕ್ಷನ್) ಆನ್ ಮಾಡಿದರೇ ಫೋಟೊ ಜಾಸ್ತಿ ಶೇಕ್ ಆಗ್ತಿದೆ

ದುರ್ಗದ_ಹೈದ (ಚಿತ್ರದುರ್ಗ)
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕೆ-50 ಬಾಡಿ ತಗೊಂಡು, ಮನೇಲಿದ್ದ ಹಳೇ 135 ಎಂಎಂ ಎಫ್3.5 ಮ್ಯಾನುಯಲ್ ಲೆನ್ಸ್ ಹಾಕಿದೀನಿ. ಮೆನುವಿನಲ್ಲಿ ಅಪರ್ಚರ್ ರಿಂಗ್‌ಗೆ ಪರ್ಮಿಷನ್ ಕೊಟ್ಟಾಯ್ತು, ಹಸಿರು ಬಟನ್ ಒತ್ತಿದ್ರೆ ಮೀಟರಿಂಗ್ (ಬೆಳಕಿನ ಅಳತೆ) ಸರಿಯಾಗೇ ಬರುತ್ತೆ. ಕೋಟೇಲಿ ಟ್ರೈಪಾಡ್ ಇಡೋಕೆ ಮೊದಲೇ ಅನುಮತಿ ತಗೋಬೇಕು, ಹಂಗಾಗಿ ಕೈಯಲ್ಲೇ ಹಿಡಿದು ತೆಗಿಯೋದು. ಓಬವ್ವನ ಕಿಂಡಿ ಹತ್ರ ನೆರಳಲ್ಲಿ 1/60 ಸೆಕೆಂಡ್ ಶಟರ್ ಇಟ್ಟು ಹೊಡೆದ್ರೆ ಎಲ್ಲಾ ಕಲಸಿದಂಗೆ. ವಿಚಿತ್ರ ಅಂದ್ರೆ, ಎಸ್‌ಆರ್ ಆಫ್ ಮಾಡಿದ್ರೆ ಸ್ವಲ್ಪ ವಾಸಿ! ಮನೇಲಿ ಟ್ರೈಪಾಡ್ ಮೇಲೆ 2 ಸೆಕೆಂಡ್ ಟೈಮರ್ ಇಟ್ರೆ ಸಖತ್ ಶಾರ್ಪ್. ಇನ್ನೊಂದು, ಆಫ್ ಮಾಡಿ ಬಾಡಿ ಅಲ್ಲಾಡಿಸಿದ್ರೆ ಒಳಗೆ ಲೊಟಕ್ ಅನ್ನುತ್ತೆ. ಅಂಗಡಿಯವರು ಎಸ್‌ಆರ್ ಯೂನಿಟ್ ಹೋಗೈತೆ, ಬಿಚ್ಚಬೇಕು ಅಂತಾರೆ. ಬಿಚ್ಚಿಸಲಾ?

ಬೆಣ್ಣೆನಗರಿ (ದಾವಣಗೆರೆ)
ಸದ್ಯಕ್ಕೆ ಬಿಚ್ಚಿಸಬ್ಯಾಡ್ರಿ. ಆ ಸದ್ದು ಮಾಮೂಲು. ಎಸ್‌ಆರ್ ಕೆಲಸ ಮಾಡೋದೇ ಚಿತ್ರ ಹಿಡಿಯೋ ಸೆನ್ಸರನ್ನ ಜರುಗಿಸಿ. ಆ ಸೆನ್ಸರ್ ತಟ್ಟೆಯನ್ನ ಹಿಡಿದಿಡೋದು ಅಯಸ್ಕಾಂತದ ಬಲ, ಪವರ್ ಇಲ್ಲದಾಗ ಅದು ಸಡಿಲ. ಆನ್ ಮಾಡಿ ಅಲ್ಲಾಡಿಸಿ ನೋಡ್ರಿ, ಸದ್ದು ನಿಲ್ಲಬೇಕು.

ಟೈಮರ್ ವಿಷಯ ಹೇಳಿದ್ದು ಒಳ್ಳೇದಾತು. 2 ಸೆಕೆಂಡ್ ಟೈಮರ್ ಇಟ್ಟರೆ ಈ ಕ್ಯಾಮೆರಾದಲ್ಲಿ ಎಸ್‌ಆರ್ ತಾನಾಗೇ ಆಫ್ ಆಗುತ್ತೆ. ಅಂದ್ರೆ ಲೆನ್ಸೂ ಸರಿ ಐತಿ, ಫೋಕಸ್ಸೂ ಸರಿ ಐತಿ. ಕೆಟ್ಟ ಫೋಟೊ ಒಂದನ್ನ 100% ಜೂಮ್ ಮಾಡಿ, ಬಂಡೆ ಮೇಲೆ ಮಿನುಗೋ ಸಣ್ಣ ಚುಕ್ಕಿಗಳನ್ನ ನೋಡ್ರಿ. ಚುಕ್ಕಿ ಊದಿಕೊಂಡು ದುಂಡಗಾಗಿದ್ರೆ ಫೋಕಸ್ ತಪ್ಪಿದೆ. ಎಲ್ಲಾ ಚುಕ್ಕಿನೂ ಒಂದೇ ದಿಕ್ಕಿಗೆ ಗೀಟು ಎಳೆದಂಗಿದ್ರೆ ಶೇಕ್. ಆಮೇಲೆ, ಕ್ಯಾಮೆರಾ ಆನ್ ಮಾಡಿದಾಗ ಒಂದು ನಂಬರ್ ಕೇಳುತ್ತಲ್ಲ, ಅಲ್ಲಿ ಎಷ್ಟಿದೆ?

ದುರ್ಗದ_ಹೈದ
ಎಲ್ಲಾ ಓರೆ ಗೀಟು ಸರ್, ಒಂದೇ ಕಡೆಗೆ. ನಂಬರ್ 300 ಅಂತ ಬರುತ್ತೆ, ಓಕೆ ಒತ್ತಿ ಮುಂದೆ ಹೋಗ್ತೀನಿ. ಆನ್ ಇದ್ದಾಗ ಸದ್ದಿಲ್ಲ.

ಬೆಣ್ಣೆನಗರಿ
ಸಿಕ್ತು ಬಿಡ್ರಿ. ಆ 300 ಹಿಂದಿನ ಮಾಲೀಕರದ್ದು, ಕ್ಯಾಮೆರಾ ಅದನ್ನೇ ನೆನಪಿಟ್ಟುಕೊಂಡಿದೆ. ಹಳೇ ಲೆನ್ಸಿಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇಲ್ಲ, ಹಾಗಾಗಿ ಫೋಕಲ್ ಲೆಂತ್ (ಲೆನ್ಸಿನ ಎಂಎಂ ನಂಬರ್) ಎಷ್ಟು ಅಂತ ನಾವೇ ಹೇಳಬೇಕು. ಕೈ ನಡುಗಿದಾಗ ಚಿತ್ರ ಎಷ್ಟು ಜರುಗುತ್ತೆ ಅನ್ನೋದು ಫೋಕಲ್ ಲೆಂತ್ ಮೇಲೇ ನಿಂತಿರೋದು, ಆ ಲೆಕ್ಕದಲ್ಲೇ ಸೆನ್ಸರ್ ಓಡುತ್ತೆ. 135 ಇರೋ ಕಡೆ 300 ಅಂದ್ರೆ, ಚಿತ್ರ ಒಂದು ಪಾಲು ಜರುಗಿದಾಗ ಸೆನ್ಸರ್ ಹೆಚ್ಚುಕಡಿಮೆ ಎರಡೂಕಾಲು ಪಾಲು ಸರಿಯೋಕೆ ಹೋಗುತ್ತೆ. ಒಂದು ಪಾಲಿನ ತಪ್ಪು ತಿದ್ದೋಕೆ ಹೋಗಿ ಒಂದೂಕಾಲು ಪಾಲಿನ ತಪ್ಪು. ಆಫ್ ಮಾಡಿದ್ರೇ ವಾಸಿ ಅನ್ನಿಸಿದ್ದು ಅದಕ್ಕೇ. 135 ಹಾಕ್ರಿ.

ಕೊಂಡಜ್ಜಿ_ಕ್ಲಿಕ್
ಇದು ಕ್ರಾಪ್ ಸೆನ್ಸರ್ (ಫಿಲ್ಮ್ ಫ್ರೇಮಿಗಿಂತ ಸಣ್ಣದು) ಅಲ್ವಾ, 1.5ರಿಂದ ಗುಣಿಸಿ 200 ಹಾಕಬೇಕಲ್ವಾ?

ಬೆಣ್ಣೆನಗರಿ
ಇಲ್ಲರೀ, ಲೆನ್ಸ್ ಮೇಲೆ ಬರೆದಿರೋದನ್ನೇ ಹಾಕೋದು. ತನ್ನ ಸೆನ್ಸರ್ ಎಷ್ಟು ದೊಡ್ಡದು ಅಂತ ಕ್ಯಾಮೆರಾಗೆ ಗೊತ್ತೇ ಇರುತ್ತೆ. ಟೆಲಿಕನ್ವರ್ಟರ್ (ಫೋಕಲ್ ಲೆಂತ್ ಹೆಚ್ಚಿಸೋಕೆ ಲೆನ್ಸಿಗೂ ಬಾಡಿಗೂ ಮಧ್ಯೆ ಹಾಕೋದು) ಹಾಕಿದ್ರೆ ಮಾತ್ರ ಗುಣಿಸಬೇಕು.

ವಾಣಿವಿಲಾಸ (ಹಿರಿಯೂರು)
ಕ್ಯಾನನ್, ನಿಕಾನ್ ಡಿಎಸ್‌ಎಲ್‌ಆರ್‌ನಿಂದ ಬಂದವರಿಗೆ ಈ ನಂಬರ್ ಕೇಳೋದೇ ಹೊಸದು. ಅವುಗಳಲ್ಲಿ ಸ್ಟೆಬಿಲೈಸೇಷನ್ (ಎಸ್‌ಆರ್ ಥರ ನಡುಕ ತಿದ್ದೋ ವ್ಯವಸ್ಥೆ) ಇರೋದು ಲೆನ್ಸಿನಲ್ಲಿ. ಡಿಎಸ್‌ಎಲ್‌ಆರ್ ಬಾಡಿಯೊಳಗೇ ಅದನ್ನು ಮೊದಲು ಇಟ್ಟದ್ದು ಕೊನಿಕಾ ಮಿನೋಲ್ಟಾ, 2004ರ 7ಡಿ ಮಾಡೆಲ್‌ನಲ್ಲಿ. ಆಮೇಲೆ 2006ರಲ್ಲಿ ಸೋನಿ ಎ100, ಪೆಂಟಾಕ್ಸ್ ಕೆ100ಡಿ ಬಂದವು. ಬಾಡಿ ಸ್ಟೆಬಿಲೈಸೇಷನ್ನಿನ ಲಾಭ ಇದೇ: ಅಜ್ಜನ ಕಾಲದ ಲೆನ್ಸಿಗೂ ಕೆಲಸ ಮಾಡುತ್ತೆ. ವ್ಯೂಫೈಂಡರ್‌ನಲ್ಲಿ ಮಾತ್ರ ಚಿತ್ರ ನಿಲ್ಲಲ್ಲ, ಅಲ್ಲಾಡ್ತಾನೇ ಇರುತ್ತೆ. ಅದನ್ನ ನೋಡಿ ಗಾಬರಿ ಬೀಳಬೇಡಿ.

ದುರ್ಗದ_ಹೈದ
135 ಹಾಕ್ದೆ. ಗೋಡೆಗೆ ಪೇಪರ್ ಅಂಟಿಸಿ, 1/60ಕ್ಕೆ ಸಣ್ಣ ಅಕ್ಷರ, ಒತ್ತಕ್ಷರ ಸಮೇತ ಓದಬಹುದು. 1/30ಕ್ಕೆ ಕೆಲವು ಮಾತ್ರ ಸರಿ ಬರ್ತಾವೆ. ಬಿಚ್ಚೋ ಖರ್ಚು ಉಳೀತು, ಥ್ಯಾಂಕ್ಸ್ ಸರ್. ನನ್ನ ಹತ್ರ 80-200 ಮ್ಯಾನುಯಲ್ ಜೂಮೂ ಐತೆ, ಅದಕ್ಕೆ ಎಷ್ಟು ಹಾಕ್ಲಿ? ಜೋಗಿಮಟ್ಟಿ ಕಡೆ ಗಾಳಿಯಂತ್ರ ತೆಗೀಬೇಕು.

ಬೆಣ್ಣೆನಗರಿ
ಆಗ ಯಾವ ಜೂಮ್‌ನಲ್ಲಿ ನಿಂತಿದ್ದೀರೋ ಅದನ್ನ. ಪ್ರತಿ ಸಲ ಬದಲಾಯಿಸೋದು ತಲೆನೋವು ಅನ್ನಿಸಿದ್ರೆ 80ಕ್ಕೋ 200ಕ್ಕೋ ಒಂದು ಕಡೆ ನಿಂತ್ಕೊಳ್ರಿ. ನಂಬರ್ ಕಡಿಮೆ ಆದ್ರೆ ತಿದ್ದೋದು ಸ್ವಲ್ಪ ಕಡಿಮೆ ಆಗುತ್ತೆ ಅಷ್ಟೆ, ಜಾಸ್ತಿ ಆದಾಗಲೇ ತೊಂದರೆ. ಶಟರ್ ಬಟನ್ ಅರ್ಧ ಒತ್ತಿ, ವ್ಯೂಫೈಂಡರ್‌ನಲ್ಲಿ ಎಸ್‌ಆರ್‌ನ ಕೈ ಚಿಹ್ನೆ ಬಂದ ಮೇಲೇ ಪೂರ್ತಿ ಒತ್ರಿ, ದಡಬಡ ಒತ್ತಿದ್ರೆ ಪ್ರಯೋಜನ ಇಲ್ಲ. ಗಾಳಿಯಂತ್ರದ ರೆಕ್ಕೆಗೆ ಎಸ್‌ಆರ್ ಏನೂ ಮಾಡಲ್ಲ. ತಿರುಗೋದನ್ನ ನಿಲ್ಲಿಸಬೇಕು ಅಂದ್ರೆ ಶಟರ್ 1/500 ಆದ್ರೂ ಇಡ್ರಿ.