ಮುಂದಿನ ಫೋರ್ಕಿಗೆ ಉದ್ದನೆಯ ಪೈಪು: ಮನೆಯಲ್ಲಿಯೇ ಹಾಕಿಕೊಳ್ಳಬಹುದೇ?

ತೋಟದ ದಾರಿ, ದಾವಣಗೆರೆ

ನನ್ನ ಬಳಿ 150 ಸಿ.ಸಿ.ಯ ಹಳೆಯ ಬೈಕು ಇದೆ. ಚಕ್ರದಿಂದ ಚಕ್ರಕ್ಕೆ ಸುಮಾರು 1300 ಮಿ.ಮೀ. ಅಂತರವಿದ್ದು, ಮುಂದೆ ಡಿಸ್ಕ್ ಬ್ರೇಕ್ ಇದೆ. ಸಂತೆಬೆನ್ನೂರಿನ ಕಡೆ ಇರುವ ನಮ್ಮ ಅಡಿಕೆ ತೋಟಕ್ಕೆ ಹೋಗುವಾಗ ಡಾಂಬರು ಮುಗಿದ ಮೇಲೆ ಚಾನಲ್ ಏರಿಯ ಮೇಲೆ ಸಾಗಬೇಕು. ಅಲ್ಲಿ ಎಂಜಿನ್ನಿನ ತಳ ಪದೇ ಪದೇ ಕಲ್ಲಿಗೆ ಬಡಿಯುತ್ತದೆ. ಅದೇ ದಪ್ಪದ, 50 ಮಿ.ಮೀ. ಹೆಚ್ಚು ಉದ್ದವಿರುವ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕಾಲು) ಪೈಪುಗಳು ಸಿಗುತ್ತವೆಂದು ಬಿಡಿಭಾಗದ ಅಂಗಡಿಯವರು ಹೇಳಿದ್ದಾರೆ. ಸ್ಪ್ಯಾನರ್, ಅಲೆನ್ ಕೀಗಳು ನನ್ನಲ್ಲಿವೆ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಅಭ್ಯಾಸವಿದೆ. ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದೇ? ಪೈಪಿನ ಜೊತೆಗೆ ಬೇರೆ ಏನನ್ನು ಬದಲಿಸಬೇಕಾಗುತ್ತದೆ?

ಓರೆಕೋನ, ದಾವಣಗೆರೆ

ಬಿಚ್ಚುವುದಕ್ಕೆ ಮುನ್ನ ಒಂದು ಲೆಕ್ಕವನ್ನು ನೋಡಿ. ಫೋರ್ಕ್ ನೇರವಾಗಿ ನಿಂತಿರುವುದಿಲ್ಲ, ಓರೆಯಾಗಿರುತ್ತದೆ. ಆದ್ದರಿಂದ 50 ಮಿ.ಮೀ. ಉದ್ದ ಹೆಚ್ಚಿಸಿದರೆ ಗಾಡಿಯ ಮುಂಭಾಗ ಏರುವುದು ಸುಮಾರು 45 ಮಿ.ಮೀ. ಮಾತ್ರ. ಹಿಂದಿನ ಚಕ್ರ ಇದ್ದಲ್ಲಿಯೇ ಇರುವುದರಿಂದ, ಎರಡು ಚಕ್ರಗಳ ನಡುವೆ ಇರುವ ಎಂಜಿನ್ನಿನ ತಳಕ್ಕೆ ದಕ್ಕುವುದು ಅದರ ಅರ್ಧದಷ್ಟು, ಅಂದರೆ 22 ಮಿ.ಮೀ.ಯ ಆಸುಪಾಸು. ನಿಮಗೆ ಬೇಕಾಗಿರುವುದು ಎಂಜಿನ್ನಿನ ಕೆಳಗಿನ ಜಾಗವೇ ಹೊರತು ಹೆಡ್‌ಲೈಟಿನ ಎತ್ತರವಲ್ಲ.

ಆ 22 ಮಿ.ಮೀ.ಗಾಗಿ ತೆರುವ ಬೆಲೆ ಸಣ್ಣದಲ್ಲ. ಇಡೀ ಗಾಡಿ ಹಿಂದಕ್ಕೆ ವಾಲುವುದರಿಂದ ಫೋರ್ಕಿನ ಓರೆ ಸುಮಾರು 2 ಡಿಗ್ರಿ ಹೆಚ್ಚುತ್ತದೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗೂ ಟೈರು ನೆಲಕ್ಕೆ ತಾಗುವ ಬಿಂದುವಿಗೂ ನಡುವೆ ಇರುವ ಅಂತರವನ್ನು ಟ್ರೇಲ್ ಎನ್ನುತ್ತಾರೆ. ಇಷ್ಟು ಓರೆಗೆ ಅದು ಸುಮಾರು 12 ಮಿ.ಮೀ. ಬೆಳೆಯುತ್ತದೆ. ಟ್ರೇಲ್ ಹೆಚ್ಚಿದ ಗಾಡಿ ನೇರ ರಸ್ತೆಯಲ್ಲಿ ಸ್ಥಿರವಾಗಿ ಓಡುತ್ತದೆ, ಆದರೆ ನಿಧಾನದಲ್ಲಿ ಹ್ಯಾಂಡಲ್ ಭಾರವಾಗಿ, ತಿರುಗಿಸಿದ ಕಡೆಗೇ ಬೀಳಲು ನೋಡುತ್ತದೆ. ಅಡಿಕೆ ಸಾಲುಗಳ ನಡುವೆ, ಏರಿಯ ಅಂಚಿನಲ್ಲಿ, ನೀವು ಓಡಿಸುವುದೇ ಆ ನಿಧಾನದಲ್ಲಿ. ಹೆಡ್‌ಲೈಟಿನ ಬೆಳಕೂ ಅದೇ 2 ಡಿಗ್ರಿ ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತಗ್ಗಿಸಿ ಹೊಂದಿಸಲೇಬೇಕು.

ದುರ್ಗದ ಗ್ಯಾರೇಜು, ಚಿತ್ರದುರ್ಗ

ಮೇಲಿನವರ ಲೆಕ್ಕ ಸರಿಯಾಗಿದೆ. ಕೆಲಸದ ಬಗ್ಗೆ ಕೇಳಿದ್ದೀರಿ, ಅದನ್ನು ನಾನು ಹೇಳುತ್ತೇನೆ. ಮನೆಯಲ್ಲಿ ಮಾಡಬಹುದು, ಆದರೆ ಆತುರದಲ್ಲಿ ಮಾಡುವ ಕೆಲಸವಲ್ಲ.

ಮುಂದಿನ ಚಕ್ರ ತೆಗೆದರೆ ಗಾಡಿ ಮುಗ್ಗರಿಸುತ್ತದೆ. ಮೇನ್ ಸ್ಟ್ಯಾಂಡನ್ನೇ ನಂಬಬೇಡಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡಿ. ಎರಡೂ ಪೈಪುಗಳನ್ನು ಮೇಲೆ ಮತ್ತು ಕೆಳಗೆ ಬಿಗಿಹಿಡಿಯುವ ಅಡ್ಡ ಹಿಡಿಕೆಗಳಿಗೆ ಟಿ ಎನ್ನುತ್ತೇವೆ. ಮೇಲಿನ ಟಿಯ ಬೋಲ್ಟ್ ಸಡಿಲಿಸಿ, ಕೆಳಗಿನ ಟಿ ಇನ್ನೂ ಬಿಗಿಯಾಗಿರುವಾಗಲೇ ಪೈಪಿನ ತಲೆಯ ಕ್ಯಾಪನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ. ಪೈಪು ಕೈಗೆ ಬಂದ ಮೇಲೆ ಆ ಕ್ಯಾಪು ಬಿಚ್ಚುವುದು ಬಹಳ ಕಷ್ಟ. ಕ್ಯಾಪಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಕೊನೆಯ ಸುತ್ತು ಬಿಚ್ಚುವಾಗ ಮುಖವನ್ನು ಅದರ ನೇರದಲ್ಲಿ ಇಡಬೇಡಿ.

ಫೋರ್ಕಿನ ತಳದ ಅಲೆನ್ ಬೋಲ್ಟ್ ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡ್ (ಫೋರ್ಕಿನ ಕುಣಿತವನ್ನು ತಡೆಯುವ ಕೊಳವೆ) ಕೂಡ ಜೊತೆಗೇ ತಿರುಗುವುದುಂಟು. ಸ್ಪ್ರಿಂಗನ್ನು ಒಳಗೇ ಬಿಟ್ಟು, ಫೋರ್ಕನ್ನು ಅದುಮಿ ಹಿಡಿದು ತಿರುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಆ ಬೋಲ್ಟಿನ ತಾಮ್ರದ ವಾಷರನ್ನು ಮತ್ತೆ ಬಳಸಬೇಡಿ. ಹಳೆಯ ವಾಷರಿನಿಂದ ಹನಿ ಹನಿಯಾಗಿ ಆಯಿಲ್ ಸೋರುತ್ತದೆ. ಆಯಿಲ್ ಸೀಲ್, ಡಸ್ಟ್ ಸೀಲ್ ಎರಡೂ ಹೊಸದಿರಲಿ.

ಹೊಸ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ. ಕೆಳಗೆ ಎಲ್ಲಿಯಾದರೂ ಬೆಳಕಿನ ಗೆರೆ ಕಂಡು ಮಾಯವಾಗುತ್ತಿದ್ದರೆ ಪೈಪು ಬಾಗಿದೆ ಎಂದರ್ಥ, ಅದನ್ನು ಅಂಗಡಿಗೆ ಹಿಂತಿರುಗಿಸಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಎಳೆದಾಗ ತಡೆದರೆ ಆ ಚುಕ್ಕೆಯೇ ಮುಂದೆ ಸೀಲನ್ನು ತಿನ್ನುತ್ತದೆ.

ಹಲವರು ಮರೆಯುವುದು ಸ್ಪ್ರಿಂಗನ್ನು. ಪೈಪು 50 ಮಿ.ಮೀ. ಬೆಳೆದರೂ ಸ್ಪ್ರಿಂಗು ಅಷ್ಟೇ ಇರುತ್ತದೆ. ಮೇಲೆ 50 ಮಿ.ಮೀ.ಯ ಸ್ಪೇಸರ್ ಕೊಡದಿದ್ದರೆ ಅದು ಸಡಿಲವಾಗಿ ಕುಣಿಯುತ್ತದೆ ಮತ್ತು ನೀವು ಗಳಿಸಿದ ಎತ್ತರ ಕುಸಿದು ಹೋಗುತ್ತದೆ. ಫೋರ್ಕಿನ ಓಟ, ಅಂದರೆ ಅದು ಮೇಲೆ ಕೆಳಗೆ ಚಲಿಸುವ ಉದ್ದ, ಅಂತೂ ಹೆಚ್ಚುವುದಿಲ್ಲ, ಏಕೆಂದರೆ ಅದನ್ನು ತೀರ್ಮಾನಿಸುವುದು ಡ್ಯಾಂಪರ್ ರಾಡ್. ಆಯಿಲ್ ಮಟ್ಟವನ್ನು ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಅದುಮಿ, ಪೈಪಿನ ಬಾಯಿಂದ ಅಳೆಯುತ್ತೇವೆ. ಪೈಪು ಉದ್ದವಾಗಿರುವುದರಿಂದ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ 50 ಮಿ.ಮೀ. ಸೇರಿಸಿಕೊಳ್ಳಬೇಕು. ಅದನ್ನು ತಿಳಿಯದೆ ಹಳೆಯ ಅಳತೆಗೇ ತುಂಬಿಸಿದರೆ ಆಯಿಲ್ ಹೆಚ್ಚಾಗುತ್ತದೆ.

ಹ್ಯಾಂಡಲ್ ಮೇಲಿನ ಟಿಯ ಮೇಲೆಯೇ ಕೂತಿರುವ ಗಾಡಿಯಾದರೆ ಕ್ಲಚ್, ಆಕ್ಸಿಲೇಟರ್ ಕೇಬಲ್‌ಗಳಿಗೆ ತೊಂದರೆ ಇಲ್ಲ. ಚಕ್ರಕ್ಕೆ ಇಳಿಯುವ ಬ್ರೇಕ್ ಹೋಸ್ ಮತ್ತು ಮೀಟರ್ ಕೇಬಲ್ ಮಾತ್ರ ಎಳೆದುಕೊಳ್ಳುತ್ತವೆ. ಚಕ್ರವನ್ನು ಗಾಳಿಯಲ್ಲಿ ತೂಗಲು ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಬಿಗಿಯುತ್ತದೆಯೇ ನೋಡಿ. ಬಿಗಿದರೆ ಉದ್ದನೆಯ ಹೋಸ್ ಹಾಕಿ, ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿ ತೆಗೆಯದೆ ರಸ್ತೆಗೆ ಇಳಿಯಬೇಡಿ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಏರಿಯ ಮೆತ್ತನೆಯ ಮಣ್ಣಿನಲ್ಲಿ ಬೀಳಲೂಬಹುದು.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಪೈಪಿಗೇ ತುಂಡು ಸೇರಿಸಿ ವೆಲ್ಡ್ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಬ್ರೇಕ್ ಹಿಡಿದಾಗ ಇಡೀ ಗಾಡಿಯ ಭಾರ ಆ ಪೈಪುಗಳನ್ನೇ ಬಾಗಿಸಲು ನೋಡುತ್ತದೆ.

ಕೆಎ-16

ಕಾನೂನನ್ನು ಯಾರೂ ಹೇಳಲಿಲ್ಲ. ಆರ್.ಸಿ.ಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅಂತಹ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಫೋರ್ಕಿನ ಓರೆ ಹೆಚ್ಚಿದರೆ ಚಕ್ರಗಳ ನಡುವಿನ ಅಂತರವೂ ಬದಲಾಗುತ್ತದೆ ಎಂಬುದನ್ನು ನೆನಪಿಡಿ. ಹಣ ಕೊಡುವುದಕ್ಕೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ತೋಟದ ದಾರಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಅರ್ಧದಷ್ಟೇ ಎತ್ತರ ಸಿಗುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಗ್ಯಾರೇಜಿನ ಅಣ್ಣನವರಿಗೆ ಒಂದು ಪ್ರಶ್ನೆ: ಚಕ್ರ ಎತ್ತಿದಾಗ ಮತ್ತು ನಾನು ಕೂತಾಗ ಪೈಪು ಹೊರಗೆ ಕಾಣುವ ಉದ್ದವನ್ನು ಅಳೆದೆ, 60 ಮಿ.ಮೀ. ವ್ಯತ್ಯಾಸ ಬಂತು. ಒಟ್ಟು ಓಟ 130 ಮಿ.ಮೀ. ಇದೆ. ಇದು ಸಹಜವೇ?

ದುರ್ಗದ ಗ್ಯಾರೇಜು, ಚಿತ್ರದುರ್ಗ

ಸಹಜವಲ್ಲ. ಒಟ್ಟು ಓಟದ ಮೂರನೇ ಒಂದು ಭಾಗದಷ್ಟು ಕುಸಿಯುವುದು ಸರಿ, ನಿಮ್ಮದು ಹತ್ತಿರ ಹತ್ತಿರ ಅರ್ಧದಷ್ಟು ಕೂತಲ್ಲಿಯೇ ಕುಸಿದಿದೆ. ಕಲ್ಲು ಎದುರಾದಾಗ ಉಳಿದರ್ಧ ಬೇಗನೆ ಮುಗಿದು ತಳ ಬಡಿಯುತ್ತದೆ. ನಿಮ್ಮ ನಿಜವಾದ ತೊಂದರೆ ಇದೇ ಎಂದು ನನ್ನ ಅಭಿಪ್ರಾಯ. ಸ್ಪ್ರಿಂಗನ್ನು ಹೊರತೆಗೆದು ಉದ್ದವನ್ನು ಕೈಪಿಡಿಯ ಕನಿಷ್ಠ ಅಳತೆಯೊಂದಿಗೆ ಹೋಲಿಸಿ. ಕಡಿಮೆ ಇದ್ದರೆ ಎರಡೂ ಕಡೆ ಒಟ್ಟಿಗೇ ಹೊಸ ಸ್ಪ್ರಿಂಗ್, ಹೊಸ ಸೀಲ್, ಹೊಸ ಆಯಿಲ್ ಹಾಕಿ, ಪೈಪು ಮೂಲದ್ದೇ ಇರಲಿ. ಜೋಡಿಸುವಾಗ ಆಕ್ಸಲ್ ಪಕ್ಕದ ಬೋಲ್ಟನ್ನು ಕೊನೆಗೆ ಬಿಗಿಯಿರಿ. ಅದಕ್ಕೂ ಮೊದಲು ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಅದುಮಿ ಬಿಟ್ಟರೆ ಎರಡೂ ಕಾಲುಗಳು ತಾವಾಗಿಯೇ ಸಮಕ್ಕೆ ಬರುತ್ತವೆ. ಎಂಜಿನ್ನಿನ ಕೆಳಗೆ ಒಂದು ಕಬ್ಬಿಣದ ತಗಡಿನ ಗಾರ್ಡ್ ಮಾಡಿಸಿಕೊಳ್ಳಿ, ಆಯಿಲ್ ಡ್ರೈನ್ ಬೋಲ್ಟಿಗೆ ಕೈ ಹೋಗುವಷ್ಟು ಜಾಗ ಬಿಟ್ಟಿರಲಿ.