ಟಾಲರೆನ್ಸ್ ಅಂದರೆ ಸಹಿಷ್ಣುತೆಯೇ, ಹೆಚ್ಚುಕಮ್ಮಿಯೇ?

ಎಲ್ಲರಿಗೂ ನಮಸ್ಕಾರ.

ನಾನು ತಾಂತ್ರಿಕ ಕಾಲೇಜೊಂದರಲ್ಲಿ ತಯಾರಿಕಾ ವಿನ್ಯಾಸ ಮತ್ತು ಗುಣಮಟ್ಟ ನಿಯಂತ್ರಣದ ಪಾಠ ಮಾಡುವವಳು. ಅಳತೆಯ ಪ್ರಯೋಗಾಲಯಕ್ಕೆ ಕನ್ನಡದಲ್ಲೊಂದು ಕೈಪಿಡಿ ಬರೆಯಲು ಕೂತಿದ್ದೇನೆ. ಲೇತ್, ಮೈಕ್ರೋಮೀಟರ್, ಬೇರಿಂಗ್ ಇವಕ್ಕೆಲ್ಲ ಕನ್ನಡ ಹುಡುಕುವ ಹಟ ನನಗಿಲ್ಲ. ಹುಡುಗರ ಬಾಯಲ್ಲಿ ಅವು ಆಗಲೇ ಕನ್ನಡವಾಗಿವೆ. ತೊಡಕು ಇರುವುದು ಕಣ್ಣಿಗೆ ಕಾಣದ, ಕೈಗೆ ಸಿಗದ ವಿಚಾರಗಳಿಗೆ. ಅದರಲ್ಲೂ ಟಾಲರೆನ್ಸ್.

ನಮ್ಮ ಹಳೆಯ ಟಿಪ್ಪಣಿಯಲ್ಲಿ ಇದಕ್ಕೆ ‘ಸಹಿಷ್ಣುತೆ’ ಎಂದಿದೆ. ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಕಳೆದ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ಹೀಗೆ ಬರೆದ: ‘ಸಹಿಷ್ಣುತೆ ಎಂದರೆ ಬಿಡಿಭಾಗವು ಮುರಿಯದೆ ಎಷ್ಟು ಭಾರ ತಡೆದುಕೊಳ್ಳಬಲ್ಲದು ಎಂಬ ಶಕ್ತಿ.’ ಕೆಂಪು ಪೆನ್ನು ಹಿಡಿದವಳು ಹಾಗೇ ಕೂತೆ. ಅವನು ಹೇಳಿದ್ದು ವಿಷಯದ ಮಟ್ಟಿಗೆ ತಪ್ಪು, ಪದದ ಮಟ್ಟಿಗೆ ತಪ್ಪೇನಲ್ಲ. ಸಹಿಷ್ಣುತೆ ಅಂದರೆ ಸಹಿಸಿಕೊಳ್ಳುವವನ ಗುಣ ತಾನೇ? ಪದ ತೋರಿಸಿದ ದಾರಿಯಲ್ಲಿ ಹುಡುಗ ನೆಟ್ಟಗೆ ನಡೆದು ಹಳ್ಳಕ್ಕೆ ಬಿದ್ದಿದ್ದ. ಸೊನ್ನೆ ಹಾಕಲು ಕೈ ಬರಲಿಲ್ಲ, ಅರ್ಧ ಅಂಕ ಕೊಟ್ಟೆ.

ಈ ವಿಷಯದ ಒಡನಾಟ ಇಲ್ಲದವರಿಗಾಗಿ ಒಂದು ಉದಾಹರಣೆ. ಡ್ರಾಯಿಂಗಿನಲ್ಲಿ 25 ಮಿ.ಮೀ. ತೂತು ಎಂದು ಬರೆದ ಮಾತ್ರಕ್ಕೆ ಯಾರೂ ಸರಿಯಾಗಿ 25 ಮಿ.ಮೀ. ಕೊರೆಯಲಾರರು. ಹಾಗಾಗಿ ವಿನ್ಯಾಸ ಮಾಡುವವರೇ ಮೊದಲು ಹೇಳಿಬಿಡುತ್ತಾರೆ: 25.000ದಿಂದ 25.021ರ ಒಳಗೆ ಎಷ್ಟಿದ್ದರೂ ಒಪ್ಪಿಗೆ. ಆ 0.021 ಮಿ.ಮೀ., ಅಂದರೆ 21 ಮೈಕ್ರಾನ್, ಟಾಲರೆನ್ಸ್. ಗಮನಿಸಿ, ಇಲ್ಲಿ ಸಹಿಸುತ್ತಿರುವುದು ಲೋಹವಲ್ಲ. ಸಹಿಸುವವರು ಯಾರಾದರೂ ಇದ್ದರೆ ಅದು ಡ್ರಾಯಿಂಗಿಗೆ ಸಹಿ ಹಾಕಿದವರು. ಕನ್ನಡದ ‘ಸಹಿಸು’ವಿಗೆ ನೋಯುವ ಜೀವವೊಂದು ಬೇಕು. ಆ ಜೀವವನ್ನು ಮರೆಮಾಡಿ ‘ಬಿಡಿಭಾಗದ ಸಹಿಷ್ಣುತೆ’ ಎಂದರೆ ಕೇಳಿದವರಿಗೆ ಬಿಡಿಭಾಗವೇ ಏನನ್ನೋ ಅನುಭವಿಸುತ್ತಿರುವಂತೆ ಕಾಣುತ್ತದೆ. ‘ತಾಳಿಕೆ’, ‘ಸೈರಣೆ’ ಎಂದು ಅಚ್ಚಗನ್ನಡಕ್ಕೆ ತಿರುಗಿಸಿದರೂ ಇದೇ ಗೋಳು. ಮೇಲಾಗಿ ‘ತಾಳಿಕೆ-ಬಾಳಿಕೆ’ ಎಂಬ ಜೋಡಿ ಕಿವಿಯಲ್ಲಿ ಕೂತಿರುವುದರಿಂದ ತಾಳಿಕೆ ನೇರವಾಗಿ ಗಟ್ಟಿತನದ ಕಡೆಗೇ ಎಳೆಯುತ್ತದೆ.

ಹಾಗಾದರೆ ವರ್ಕ್‌ಶಾಪಿನಲ್ಲಿ ಏನನ್ನುತ್ತಾರೆ? ‘ಹೆಚ್ಚುಕಮ್ಮಿ’ ಅನ್ನುತ್ತಾರೆ. ‘ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ?’ ಎಂದು ಲೇತಿನ ಮುಂದೆ ನಿಂತವರು ಕೇಳುತ್ತಾರೆ. ಮೊದಲು ಕೇಳಿದಾಗ ಸಿಕ್ಕೇಬಿಟ್ಟಿತು ಅಂದುಕೊಂಡೆ. ಬರೆಯಲು ಹೋದಾಗ ಮೂರು ಕಡೆ ಸಿಕ್ಕಿಕೊಂಡೆ. ಒಂದು, ‘ಹೆಚ್ಚುಕಮ್ಮಿ ಹತ್ತು ಜನ’ ಎಂದಾಗ ಅದು ‘ಸುಮಾರು’ ಎಂಬರ್ಥ. ಅಳತೆಯ ಪಾಠದಲ್ಲಿ ‘ಸುಮಾರು’ ನುಸುಳಿದರೆ ಪಾಠವೇ ಮುಗಿಯಿತು. ಇನ್ನೊಂದು, ‘ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?’ ಎಂಬಲ್ಲಿ ಅದು ಅನಾಹುತ. ಮೂರನೆಯದು ಲೆಕ್ಕದ ತಕರಾರು, ನನಗೆ ಇದೇ ದೊಡ್ಡದು. ಮೇಲಿನ ತೂತಿನಲ್ಲಿ ಹೆಚ್ಚು ಇದೆ, ಕಮ್ಮಿ ಇಲ್ಲವೇ ಇಲ್ಲ. 25ಕ್ಕಿಂತ ಒಂದು ಮೈಕ್ರಾನ್ ಕೆಳಗಿಳಿದರೂ ಆಗದು. ಅದರೊಳಗೆ ತಿರುಗುವ ಶಾಫ್ಟಿಗೆ 24.980ರಿಂದ 24.993 ಎಂದು ಕೊಟ್ಟಿದ್ದರೆ ಅಲ್ಲಿ ಬರೀ ಕಮ್ಮಿ, ಹೆಚ್ಚು ಇಲ್ಲ. ಟಾಲರೆನ್ಸ್ ಮಾತ್ರ ಎರಡಕ್ಕೂ ಇದೆ, ತೂತಿಗೆ 21, ಶಾಫ್ಟಿಗೆ 13 ಮೈಕ್ರಾನ್. ಅದಕ್ಕೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ದೊಡ್ಡ ಮಿತಿಯಿಂದ ಚಿಕ್ಕ ಮಿತಿ ಕಳೆದರೆ ಉಳಿಯುವ ಅಗಲ ಅದು, ಅಷ್ಟೆ. ಹೀಗಾಗಿ ‘ಹೆಚ್ಚುಕಮ್ಮಿ’ಯನ್ನು ಡೀವಿಯೇಷನ್, ಅಂದರೆ ಮೂಲ ಅಳತೆಯಿಂದ ಎಷ್ಟು ಆಚೀಚೆ ಎಂಬುದಕ್ಕೆ ಮೀಸಲಿಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಅಲ್ಲಿ ಹೆಚ್ಚಿಗೂ ಜಾಗ ಇದೆ, ಕಮ್ಮಿಗೂ ಇದೆ.

ಟಾಲರೆನ್ಸಿಗೆ ನನ್ನ ಮನಸ್ಸು ಈಗ ವಾಲಿರುವುದು ‘ಸಲ್ಲು’ ಧಾತುವಿನ ಕಡೆಗೆ. ಸಲ್ಲುವ ನಾಣ್ಯ, ಸಲ್ಲದ ನಾಣ್ಯ ಅನ್ನುತ್ತೇವಲ್ಲ, ಅದು. ಇಲ್ಲಿ ಕರ್ತೃಪದ ತಾನಾಗಿ ಬಿಡಿಭಾಗವೇ ಆಗುತ್ತದೆ: ಈ ಬಿಲ್ಲೆ ಸಲ್ಲುತ್ತದೆ, ಆ ಬಿಲ್ಲೆ ಸಲ್ಲದು. ನೋವಿಲ್ಲ, ಔದಾರ್ಯವಿಲ್ಲ, ಬರೀ ಒಪ್ಪಿಗೆ. ಕಾಕತಾಳೀಯವೋ ಏನೋ, ಟಂಕಸಾಲೆಯವರೂ ನಾಣ್ಯದ ತೂಕ ಮತ್ತು ಲೋಹದ ಶುದ್ಧತೆ ನಿಗದಿಗಿಂತ ಎಷ್ಟು ಆಚೀಚೆ ಇರಬಹುದು ಎಂಬುದಕ್ಕೆ ಟಾಲರೆನ್ಸ್ ಎಂದೇ ಹೇಳುತ್ತಾರೆ. ‘ಸಲ್ಲುವ ಅಂತರ’ ಎಂದರೆ ಅರ್ಥ ಪೂರ್ತಿ ಬರುತ್ತದೆ. ಬರೆದು ಬರೆದು ಅದು ‘ಸಲ್ಲಂತರ’ ಎಂದು ಕುಗ್ಗಿದರೆ ಕನ್ನಡಕ್ಕೆ ಸಂಸ್ಕೃತ ಕಟ್ಟಿದ ಅರಿಸಮಾಸ ಎಂದು ಇಲ್ಲಿನ ಹಿರಿಯರು ಕಿವಿ ಹಿಂಡಬಹುದು. ಬಿಡಿಸಿ ಬರೆದರೆ ಮೊದಲ ಪದ ‘ಸಲ್ಲುವ’ ಎಂಬ ಕೃದಂತವಾದ್ದರಿಂದ, ಅಂಥ ಬೆರಕೆಯನ್ನು ಒಪ್ಪುವ ಗಮಕ ಸಮಾಸದ ನೆರಳು ಸಿಗುತ್ತದೆ, ಬಚಾವಾಗುತ್ತೇನೆ. ಆದರೆ ಕೈಪಿಡಿಯ ಮೊದಲ ಪುಟದ ಅಂಕಣದ ತಲೆಬರಹಕ್ಕೆ ಎರಡು ಪದ ಉದ್ದವಾಯಿತು.

ಇದರ ಬೆನ್ನಿಗೇ ಅಲವೆನ್ಸ್ ಬರುತ್ತದೆ. ಯಂತ್ರಾನುವಾದಕ್ಕೆ ಹಾಕಿ ನೋಡಿದೆ, ‘ಭತ್ಯೆ’ ಎಂದು ಕೊಟ್ಟಿತು. ಶಾಫ್ಟಿಗೆ ಪ್ರಯಾಣ ಭತ್ಯೆ! ಮೇಲಿನ ಜೋಡಿಯಲ್ಲೇ ಹೇಳುವುದಾದರೆ ಅತಿ ಚಿಕ್ಕ ತೂತು 25.000, ಅತಿ ದಪ್ಪ ಶಾಫ್ಟ್ 24.993, ನಡುವೆ ಬೇಕೆಂದೇ ಬಿಟ್ಟ 7 ಮೈಕ್ರಾನ್ ಅಲವೆನ್ಸ್. ಟಾಲರೆನ್ಸ್ ನಮ್ಮ ಕೈಮೀರಿದ್ದಕ್ಕೆ ಕೊಡುವ ಒಪ್ಪಿಗೆ, ಅಲವೆನ್ಸ್ ತಿಳಿದೇ ಬಿಡುವ ಜಾಗ. ‘ಬಿಡುವು’ ಎನ್ನೋಣವೆಂದರೆ ಅದು ಪುರುಸೊತ್ತಿಗೆ ಅಂಟಿಕೊಂಡಿದೆ. ‘ಬಿಟ್ಟ ಎಡೆ’ ಹೇಗೆ? ಫಿಟ್‌ಗಳಿಗೆ (ತೂತಿನಲ್ಲಿ ಶಾಫ್ಟ್ ಕೂರುವ ಬಗೆಗಳಿಗೆ) ‘ಕೂರಿಕೆ’ ಎಂದು ಬರೆದುಕೊಂಡಿದ್ದೇನೆ, ಸಡಿಲ ಕೂರಿಕೆ, ಬಿಗಿ ಕೂರಿಕೆ, ನಡುವಣ ಕೂರಿಕೆ. ‘ಬೇರಿಂಗ್ ಸರಿಯಾಗಿ ಕೂತಿಲ್ಲ’ ಎನ್ನುವುದು ಎಲ್ಲರ ಮಾತು, ಇದಕ್ಕೆ ಯಾರ ಅಡ್ಡಿಯೂ ಇರಲಾರದು.

ಲಿಪಿಯ ಸಮಸ್ಯೆಯೂ ಒಂದಿದೆ. ಐಎಸ್‌ಒ 286 ಎಂಬ ಅಂತರರಾಷ್ಟ್ರೀಯ ಮಾನಕದ ಪದ್ಧತಿಯಲ್ಲಿ ತೂತಿಗೆ ದೊಡ್ಡಕ್ಷರ, ಶಾಫ್ಟಿಗೆ ಚಿಕ್ಕಕ್ಷರ. ಮೇಲಿನ ತೂತು ದೊಡ್ಡ ಎಚ್‌7, ಶಾಫ್ಟ್ ಚಿಕ್ಕ ಜಿ6. ನಮ್ಮಲ್ಲಿ ದೊಡ್ಡಕ್ಷರ-ಚಿಕ್ಕಕ್ಷರದ ಭೇದವೇ ಇಲ್ಲ. ಬರೀ ‘ಎಚ್‌7’ ಎಂದು ಬರೆದರೆ ತೂತೋ ಶಾಫ್ಟೋ ಗೊತ್ತಾಗುವುದಿಲ್ಲ, ಏಕೆಂದರೆ ಚಿಕ್ಕ ಎಚ್‌ ಕೂಡ ಇದೆ. ಸದ್ಯಕ್ಕೆ ‘ತೂತು ಎಚ್‌7’, ‘ಶಾಫ್ಟ್ ಜಿ6’ ಎಂದು ಪ್ರತಿಸಲವೂ ಮುಂದೆ ಹೆಸರು ಕಟ್ಟುತ್ತಿದ್ದೇನೆ. ಬೇರೆ ಉಪಾಯ ಇದ್ದರೆ ತಿಳಿಸಿ.

ಗೋ ಮತ್ತು ನೋ-ಗೋ ಗೇಜು ನನಗೆ ಖುಷಿ ಕೊಟ್ಟ ಜಾಗ. ತೂತು ಪರೀಕ್ಷಿಸುವ ಪ್ಲಗ್ ಗೇಜಿನ ಒಂದು ತುದಿ ಚಿಕ್ಕ ಮಿತಿಯದು, ತೂತಿನೊಳಗೆ ಇಳಿಯಲೇಬೇಕು. ಇನ್ನೊಂದು ದೊಡ್ಡ ಮಿತಿಯದು, ಇಳಿಯಲೇಬಾರದು. ‘ಹೋಗು-ಹೋಗಬೇಡ’ ಎಂದರೆ ಮಕ್ಕಳನ್ನು ಗದರಿದ ಹಾಗಿದೆ. ದೀರ್ಘ ತೆಗೆದು ಹ್ರಸ್ವ ಮಾಡಿ ನೋಡಿ: ಹೊಗು! ‘ಒಳಗೆ ಹೊಕ್ಕ’ ಎನ್ನುವಲ್ಲಿ ಇವತ್ತಿಗೂ ಉಳಿದಿರುವ ಹಳೆಯ ಧಾತು. ಹೊಗುವ ತುದಿ, ಹೊಗದ ತುದಿ. ಹೊಗುವ ತುದಿ ಹೊಗದಿದ್ದರೆ ತೂತು ಚಿಕ್ಕದು, ಇನ್ನಷ್ಟು ಕೊರೆದು ಉಳಿಸಿಕೊಳ್ಳಬಹುದು. ಹೊಗದ ತುದಿ ಹೊಕ್ಕಿತೋ, ಬಿಲ್ಲೆ ಗುಜರಿಗೆ. ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕರು, ಆದರೆ ಮರೆಯಲಿಲ್ಲ. ಒಂದೇ ಭಯ, ಮುದ್ರಣದಲ್ಲಿ ಯಾರೋ ತಿದ್ದುಪಡಿಗಾರರು ‘ಹೊಗು’ವನ್ನು ಕಾಗುಣಿತ ತಪ್ಪೆಂದು ‘ಹೋಗು’ ಮಾಡಿಬಿಟ್ಟಾರು.

ಆಕ್ಯುರಸಿ (ಅಳತೆ ನಿಜಕ್ಕೆ ಹತ್ತಿರವಿರುವುದು) ಮತ್ತು ಪ್ರಿಸಿಷನ್ (ಅಳತೆಗಳು ಒಂದಕ್ಕೊಂದು ಹತ್ತಿರವಿರುವುದು) ಎರಡಕ್ಕೂ ನಮ್ಮಲ್ಲಿ ‘ನಿಖರತೆ’ ಒಂದೇ ಓಡಾಡುತ್ತಿದೆ. ಸೊನ್ನೆ ತಪ್ಪಿದ ಮೈಕ್ರೋಮೀಟರಿನಲ್ಲಿ ಸರಿಯಾದ 25.00ರ ತುಂಡನ್ನು ಐದು ಸಲ ಅಳೆದರೆ ಐದೂ ಸಲ 25.03 ತೋರಿಸುತ್ತದೆ. ಅಳತೆಗಳಲ್ಲಿ ಒಮ್ಮತವಿದೆ, ಸತ್ಯವಿಲ್ಲ. ಐದು ಜನ ಸೇರಿ ಒಂದೇ ಸುಳ್ಳು ಹೇಳಿದ ಹಾಗೆ. ಆದ್ದರಿಂದ ಪ್ರಿಸಿಷನ್ನಿಗೆ ‘ಒಮ್ಮತ’ ಎನ್ನಬಹುದೇ ಎಂಬ ಆಸೆ. ಕೆಲವರಿಗೆ ಇದು ಸಭೆಯ ಠರಾವಿನಂತೆ ಕೇಳಬಹುದು. ‘ಕರಾರುವಾಕ್ಕು’ ಎಂಬ ಸೊಗಸಾದ ಪದ ಪಾರ್ಸಿ-ಅರಬ್ಬಿ ಕಡೆಯಿಂದ ಬಂದು ನಮ್ಮದೇ ಆಗಿ ಕೂತಿದೆ, ಆದರೆ ಅದೂ ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದೆ. 1994ರ ಐಎಸ್‌ಒ 5725 ಮಾನಕ ಬೇರೆ ಆಕ್ಯುರಸಿಯನ್ನೇ ಒಡೆದು ಅದರೊಳಗೆ ಟ್ರೂನೆಸ್ (ಸರಾಸರಿ ನಿಜಕ್ಕೆ ಹತ್ತಿರವಿರುವುದು) ಮತ್ತು ಪ್ರಿಸಿಷನ್ ಎರಡನ್ನೂ ಇಟ್ಟಿತು. ಆ ಲೆಕ್ಕದಲ್ಲಿ ನಿಖರತೆ ಒಟ್ಟು ಹೆಸರಾಗಿ, ‘ದಿಟತನ’ ಮತ್ತು ‘ಒಮ್ಮತ’ ಅದರ ಎರಡು ಕವಲಾಗಬಹುದು. ರಿಪೀಟಬಿಲಿಟಿಗೆ, ಅಂದರೆ ಮತ್ತೆ ಮತ್ತೆ ಅಳೆದರೂ ಅದೇ ಉತ್ತರ ಬರುವುದಕ್ಕೆ, ‘ಮರುಕಳಿಕೆ’ ಎಂದು ಒಬ್ಬರು ಸೂಚಿಸಿದರು. ಬೇಡ, ಮರುಕಳಿಸುವುದು ಜ್ವರ.

ಕೊನೆಗೆ ‘ನಿಯಂತ್ರಣ’. ಗುಣಮಟ್ಟ ನಿಯಂತ್ರಣ ಎಂಬ ಹೆಸರನ್ನು ಅಲುಗಾಡಿಸುವ ಉದ್ದೇಶ ನನಗಿಲ್ಲ, ಅದು ಬೇರುಬಿಟ್ಟಿದೆ. ತೊಂದರೆ ಶುರುವಾಗುವುದು ಕಂಟ್ರೋಲ್ ಚಾರ್ಟಿನಲ್ಲಿ, ಅಂದರೆ ತಯಾರಿಕೆಯ ಅಳತೆಗಳನ್ನು ಸಾಲಾಗಿ ಚುಕ್ಕೆಯಿಟ್ಟು ಮೇಲೆ ಕೆಳಗೆ ಗೆರೆ ಎಳೆದ ನಕ್ಷೆಯಲ್ಲಿ. 1924ರಲ್ಲಿ ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ ಒಂದು ಪುಟದ ಟಿಪ್ಪಣಿಯಲ್ಲಿ ಇದರ ಮೊದಲ ಚಿತ್ರ ಬರೆದು ತಮ್ಮ ಮೇಲಧಿಕಾರಿಗೆ ಕೊಟ್ಟಿದ್ದರು. ಆ ಚಾರ್ಟಿನಲ್ಲಿ ಚುಕ್ಕೆಯೊಂದು ಗೆರೆ ದಾಟಿದರೆ ನಾವು ‘ಪ್ರಕ್ರಿಯೆ ನಿಯಂತ್ರಣ ತಪ್ಪಿದೆ’ ಎನ್ನುತ್ತೇವೆ. ಕನ್ನಡದಲ್ಲಿ ನಿಯಂತ್ರಣ ತಪ್ಪುವುದು ಬಸ್ಸು, ಆಮೇಲೆ ಅದು ಮರಕ್ಕೆ ಗುದ್ದಬೇಕು. ಮೊನ್ನೆ ಲ್ಯಾಬಿನಲ್ಲಿ ಐದೈದು ತುಂಡಿನ ಇಪ್ಪತ್ತು ಗುಂಪು ಅಳೆದು ಸರಾಸರಿಗಳ ಚುಕ್ಕೆ ಇಟ್ಟ ಹುಡುಗಿ ಹದಿನಾಲ್ಕನೆಯ ಚುಕ್ಕೆಯ ಮೇಲೆ ಬೆರಳಿಟ್ಟು ಕೇಳಿದಳು, ‘ಮೇಡಂ, ನೂರರಲ್ಲಿ ಒಂದು ತುಂಡೂ ಕೆಟ್ಟಿಲ್ಲ. ನಿಯಂತ್ರಣ ತಪ್ಪಿದ್ದು ಹೇಗೆ?’

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಹದಿಮೂರರ ನಂತರ ಟೂಲಿನ ತುದಿ ಬದಲಾಗಿತ್ತು, ಅದಕ್ಕೆ ತಕ್ಕಂತೆ ಯಂತ್ರದ ಆಫ್‌ಸೆಟ್ ತಿದ್ದಿರಲಿಲ್ಲ, ಸರಾಸರಿ ಸರಿದಿತ್ತು. ತುಂಡುಗಳು ಡ್ರಾಯಿಂಗಿನ ಮಿತಿಯೊಳಗೇ ಇದ್ದವು. ಚಾರ್ಟಿನ ಗೆರೆಗಳು ಹುಟ್ಟುವುದು ಪ್ರಕ್ರಿಯೆಯ ಸ್ವಂತ ಏರಿಳಿತದಿಂದ, ಸರಾಸರಿಯ ಆಚೀಚೆ ಮೂರು ಸಿಗ್ಮಾ (ಸಿಗ್ಮಾ ಎಂದರೆ ಚದುರುವಿಕೆಯ ಅಳತೆ) ದೂರದಲ್ಲಿ. ಡ್ರಾಯಿಂಗಿನ ಗೆರೆಗಳು ಹುಟ್ಟುವುದು ವಿನ್ಯಾಸದ ಮೇಜಿನ ಮೇಲೆ. ಒಂದು ಇನ್ನೊಂದನ್ನು ಕೇಳಿ ಹುಟ್ಟಿದ್ದಲ್ಲ. ಕನ್ನಡದಲ್ಲಿ ಎರಡಕ್ಕೂ ‘ಮಿತಿ’ ಎಂದುಬಿಟ್ಟು ನಾವೇ ಗೊಂದಲ ಎಬ್ಬಿಸಿದ್ದೇವೆ. ಆಗ ಬಾಯಿಗೆ ತಾನಾಗಿ ಬಂದದ್ದು ‘ಹದ’. ‘ಹದ ತಪ್ಪಿದೆ ಅಷ್ಟೆ, ಕೆಟ್ಟಿಲ್ಲ’ ಎಂದೆ. ತಟ್ಟನೆ ಅರ್ಥವಾಯಿತು ಅವಳಿಗೆ. ಹದ ತಪ್ಪಿಯೂ ಎಲ್ಲ ತುಂಡು ಸಲ್ಲಬಹುದು. ಹದದಲ್ಲೇ ನಡೆದೂ ತುಂಡುಗಳು ಸಲ್ಲದಿರಬಹುದು, ಪ್ರಕ್ರಿಯೆಯ ಹರವು ಡ್ರಾಯಿಂಗಿನ ಅಂತರಕ್ಕಿಂತ ದೊಡ್ಡದಾಗಿದ್ದರೆ. ‘ಹದದ ಗೆರೆ’ ಮತ್ತು ‘ಡ್ರಾಯಿಂಗಿನ ಗೆರೆ’ ಎಂದು ಎರಡು ಹೆಸರಿಟ್ಟ ಮೇಲೆ ಆ ಪ್ರಶ್ನೆ ಮತ್ತೆ ಬಂದಿಲ್ಲ.

ಇನ್ನೊಂದು ಚಿಕ್ಕದು. ಫೂಲ್‌ಪ್ರೂಫ್ ಎನ್ನುವುದನ್ನು ಜಲನಿರೋಧಕದ ಧಾಟಿಯಲ್ಲಿ ‘ಮೂರ್ಖನಿರೋಧಕ’ ಮಾಡಿದ್ದನ್ನು ಕಂಡಿದ್ದೇನೆ. ಜಪಾನಿನಲ್ಲೂ ಮೊದಲು ‘ಬಾಕಾ-ಯೋಕೆ’ ಎಂದಿತ್ತು. ಬಾಕಾ ಎಂದರೆ ದಡ್ಡ. ಕೆಲಸಗಾರರಿಗೆ ಅವಮಾನವಾಗುತ್ತದೆಂದು 1960ರ ದಶಕದಲ್ಲಿ ಅಲ್ಲಿನ ಎಂಜಿನಿಯರ್ ಶಿಗಿಯೊ ಶಿಂಗೊ ಅದನ್ನು ‘ಪೋಕಾ-ಯೋಕೆ’ ಮಾಡಿದರು. ಪೋಕಾ ಎಂದರೆ ಕಣ್ತಪ್ಪಿನಿಂದಾಗುವ ಎಡವಟ್ಟು. ನಾನು ‘ಎಡವುತಡೆ’ ಎಂದು ಬರೆದಿದ್ದೇನೆ.

ಈಗ ನಿಮ್ಮನ್ನು ಕೇಳಬೇಕಾದ್ದು ಇಷ್ಟು. ‘ಸಲ್ಲು’ವಿನಿಂದ ಒಂದೇ ಪದದ ನಾಮರೂಪ, ಟಾಲರೆನ್ಸಿಗೆ ಹೊಂದುವಂಥದ್ದು, ಯಾರ ಬಳಕೆಯಲ್ಲಾದರೂ ಇದೆಯೇ? ಬಡಗಿ, ಕಮ್ಮಾರ, ಅಕ್ಕಸಾಲಿಗರ ಮಾತಿನಲ್ಲಿ ಇಂಥ ಅಂತರಕ್ಕೆ ಬೇರೆ ಹೆಸರು ಕೇಳಿದವರಿದ್ದರೆ, ಅವರು ಆ ಪದವನ್ನು ಇಟ್ಟು ಆಡಿದ ವಾಕ್ಯವನ್ನೂ ದಯವಿಟ್ಟು ಜೊತೆಗೆ ಬರೆಯಿರಿ. ಬರೀ ಪದ ಕೊಟ್ಟರೆ ನನಗೆ ಉಪಯೋಗವಿಲ್ಲ. ‘ಹೊಗು’ವಿನ ಬಗ್ಗೆಯೂ ಹೇಳಿ, ಕೈಪಿಡಿಯಲ್ಲಿ ಅದನ್ನು ಉಳಿಸಿಕೊಳ್ಳುವಷ್ಟು ಧೈರ್ಯ ಮಾಡಲೋ ಬೇಡವೋ. ಅಲ್ಲಿಯವರೆಗೆ ಮೊದಲ ಪುಟದ ಆ ಅಂಕಣದಲ್ಲಿ ‘ಟಾಲರೆನ್ಸ್’ ಎಂದೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.